ಹದಿನಾರು ಮಣಿಯ ತಂತಿ

ಜೇವರ್ಗಿ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಿಂದ ಸಹಾಯಕ ಉಪಾಧ್ಯಾಯಿನಿ ಶರಣಮ್ಮನವರನ್ನು ತೆಗೆದುಹಾಕಿದ್ದು ಅನ್ಯಾಯ. ತೆಗೆಯಲು ಕೊಟ್ಟ ಕಾರಣ ಸುಳ್ಳು. ಅದು ಸುಳ್ಳೆಂಬುದು ಆಜ್ಞೆಗೆ ರುಜು ಹಾಕಿದ ಜಿಲ್ಲಾ ಮೇಲ್ವಿಚಾರಕರಿಗೆ ರುಜು ಹಾಕುವಾಗಲೇ ಗೊತ್ತಿತ್ತು. ಅವರ ಮೇಲೆ ಕುಳಿತವರು ಕೇಳಬಹುದಿತ್ತು, ಕೇಳಲಿಲ್ಲ. ಈ ಮಾತನ್ನು ನಾನು ಸೇವೆಯಲ್ಲಿದ್ದಾಗ ಬರೆದು ಕೊಟ್ಟೆ, ಉತ್ತರ ಬರಲಿಲ್ಲ. ಈಗ ಸೇವೆಯ ಹೊರಗೆ ನಿಂತು ಎಲ್ಲರೆದುರು ಬರೆಯುತ್ತಿದ್ದೇನೆ.

ಉಪಾಧ್ಯಾಯ ವೃತ್ತಿಗೆ ಹೊಸದಾಗಿ ಬರುತ್ತಿರುವ ತಂಗಿಯರೇ, ತಮ್ಮಂದಿರೇ, ಇದು ನಿಮಗಾಗಿಯೂ ಬರೆದದ್ದು. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಹೇಳಿ ನಿಮ್ಮ ಹೊತ್ತು ಕೆಡಿಸುವುದಿಲ್ಲ. ಹೈದರಾಬಾದಿನಲ್ಲಿ ಗಣಿತ ಓದಿ, ಶಿಕ್ಷಕರ ತರಬೇತಿ ಮುಗಿಸಿ ನಾನು ಈ ಸೀಮೆಗೆ ಬಂದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಹೆಣ್ಣುಮಕ್ಕಳ ಶಾಲೆಗಳನ್ನು ಸುತ್ತಿ, ಸಣ್ಣ ತರಗತಿಗಳಿಗೆ ಲೆಕ್ಕ ಹೇಳಿಕೊಡುವ ಬಗೆಯನ್ನು ಅಲ್ಲಿನ ಉಪಾಧ್ಯಾಯಿನಿಯರಿಗೆ ತೋರಿಸುವುದು ನನ್ನ ಕೆಲಸ. ಕಣ್ಣಿನ ಬೇನೆಯಿಂದಾಗಿ, ನನ್ನ ಓರಗೆಯವರು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, ವೈದ್ಯರು ನನ್ನನ್ನು ನಿವೃತ್ತಳನ್ನಾಗಿಸಿದರು. ಈಗ ಬರೆಯುತ್ತಿರುವ ಹಾಳೆಯ ಅಂಚು ನನಗೆ ಮಂಜಿನಲ್ಲಿ ಅದ್ದಿದಂತೆ ಕಾಣುತ್ತದೆ. ಹಾಗಾಗಿ ನಾನು ಹೇಳುವ ಊರುಗಳು ನಿಮಗೆ ಸ್ವಲ್ಪ ತೇಲುತ್ತಿರುವಂತೆ ತೋರಬಹುದು. ತೇಲಲಿ. ಆಡಿದ ಮಾತುಗಳು ಮಾತ್ರ ಆಡಿದಂತೆಯೇ ನನ್ನ ಕಿವಿಯಲ್ಲಿವೆ.

ಮೊದಲು ಮಣಿಚೌಕಟ್ಟಿನ ಮಾತು. ನಾಲ್ಕು ಕಟ್ಟಿಗೆಯ ಪಟ್ಟಿ, ನಡುವೆ ಅಡ್ಡಲಾಗಿ ಬಿಗಿದ ಹತ್ತು ತಂತಿ, ತಂತಿಗೆ ಹತ್ತರಂತೆ ಕಟ್ಟಿಗೆಯ ಮಣಿ. ಕೆಳಗಿನ ತಂತಿಯ ಹತ್ತು ಮಣಿ ಪೂರ್ತಿ ಸರಿದಾಗ ಅವನ್ನು ಹಿಂದಕ್ಕೆ ತಳ್ಳಿ, ಮೇಲಿನ ತಂತಿಯ ಒಂದು ಮಣಿಯನ್ನು ಸರಿಸಬೇಕು. ಇಷ್ಟೇ ಅದರ ವಿದ್ಯೆ. ಕಾಗದ, ಪಾಟಿ, ಬಳಪ ಇವು ಯಾವುದೂ ಇಲ್ಲದ ಕಾಲದಲ್ಲಿ ಮನುಷ್ಯ ತನ್ನ ಬೆರಳು ಸಾಲದೆ ಹೋದಾಗ ಕಲ್ಲನ್ನೋ ಮಣಿಯನ್ನೋ ಸಾಲಾಗಿಟ್ಟು ಲೆಕ್ಕ ಮಾಡಿದ. ದೇಶದೇಶಗಳಲ್ಲಿ ಅದು ಬೇರೆ ಬೇರೆ ರೂಪ ತಾಳಿತು. ನಮ್ಮ ಶಾಲೆಗಳಿಗೆ ಬಂದದ್ದು ಅದರ ಕಿರಿಯ ಕೂಸು. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖ್ಖನಿ, ಗಡಿಯ ಕಡೆ ಮರಾಠಿ, ಮೇಲಿನ ತರಗತಿಗೆ ಹೋದರೆ ಉರ್ದು: ನಮ್ಮ ಮಕ್ಕಳು ಒಂದೇ ಸಂಖ್ಯೆಯನ್ನು ಹೀಗೆ ನಾಲ್ಕು ಹೆಸರಿನಿಂದ ಕೂಗಬೇಕಿತ್ತು. ಮಣಿ ಯಾವ ಹೆಸರನ್ನೂ ಕೇಳುತ್ತಿರಲಿಲ್ಲ. ಸರಿಸಿದರೆ ಸರಿಯುತ್ತಿತ್ತು.

ಆಳಂದದ ಕಡೆಯ ಮೊದಲ ಶಾಲೆಯಲ್ಲಿ ನಾನು ಅದನ್ನು ಹುಡುಕಿದಾಗ ಅದು ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಒಣಗಿದ ಚೆಂಡುಹೂವಿನ ಹಾರ ಹಾಕಿಕೊಂಡು ಕುಳಿತಿತ್ತು. ಪಟ್ಟಿಗಳ ಮೇಲೆ ಅರಿಶಿನ, ಮೇಲಿನ ತಂತಿಗೆ ಕುಂಕುಮ. ಮುಖ್ಯ ಉಪಾಧ್ಯಾಯಿನಿ ಗಂಗಾಬಾಯಿ ನನ್ನ ದೃಷ್ಟಿ ಹೋದ ಕಡೆ ತಾವೂ ನೋಡಿ ಕೈಮುಗಿದರು.

“ದಸರಾದಾಗ ಖಂಡೇಪೂಜಾಕ್ಕ ಪೂಜಾ ಮಾಡ್ತೇವ್ರಿ. ಭಾಳ ಸತ್ಯ ಅದರಿ,” ಎಂದರು.

“ಮಕ್ಕಳು ಇದರಲ್ಲಿ ಎಣಿಸುವುದಿಲ್ಲವೇ?”

“ಅಯ್ಯ, ಮುಟ್ಟಿದರ ಮುರೀತದ್ರಿ! ಮುರಿದರ ಜವಾಬ್ ಯಾರ ಕೊಡಬೇಕು? ಸಾಹೇಬರು ಬಂದಾಗ ಇಳಿಸಿ ತೋರಸ್ತೇವ್ರಿ, ಮತ್ತ ಏರಸ್ತೇವ್ರಿ. ಹುಡುಗ್ಯಾರು ಮಣಿಯವ್ವ ಅಂತ ಅಡ್ಡ ಬೀಳ್ತಾವ. ನಾನೂ ಬಿಟ್ಟೀನಿ. ಏನರೆ ಒಂದು ಭಕ್ತಿ ಇರವಲ್ದ್ಯಾಕ.”

ಆ ದಿನ ಮೇಜಿನ ಮೇಲೆ ಮೇಜಿಟ್ಟು, ಗಂಗಾಬಾಯಿಯವರ “ಜ್ವಾಕೀ ಬೇ ಯವ್ವಾ, ನೀ ಬಿದ್ರೂ ನಡೀತದ, ಅದು ಬೀಳಬಾರ್ದು” ಎಂಬ ಆಶೀರ್ವಾದದೊಂದಿಗೆ ನಾನೇ ಹತ್ತಿ ಮಣಿಯವ್ವನನ್ನು ಇಳಿಸಿದೆ. ಧೂಳು ಒರೆಸಿ ಕಿಟಕಿಯ ಬಳಿ ನಿಲ್ಲಿಸಿದೆ. ಹೊರಗೆ ಕರಿಹೊಲದ ಮೇಲೆ ತೊಗರಿಯ ಹಳದಿ ಹೂವು. ಕಿಟಕಿಯಿಂದ ಬಂದ ಬೆಳಕು ತಂತಿಗಳ ನಡುವೆ ಹಾದು, ಸೆಗಣಿ ಸಾರಿಸಿದ ನೆಲದ ಮೇಲೆ ಮಣಿಗಳ ನೆರಳನ್ನು ಸಾಲುಸಾಲಾಗಿ ಚೆಲ್ಲಿತು. ನಾನು ಒಂದು ಮಣಿಯನ್ನು ಸರಿಸಿದೆ. ನೆಲದ ಮೇಲೆ ಒಂದು ನೆರಳು ನಡೆಯಿತು. ಮಕ್ಕಳೆಲ್ಲ ಮಣಿಯನ್ನು ಬಿಟ್ಟು ನೆರಳನ್ನೇ ನೋಡುತ್ತಿದ್ದರು. ಒಬ್ಬಳು ಮೆಲ್ಲಗೆ ಬಂದು ಆ ನೆರಳಿನ ಮೇಲೆ ಬೆರಳಿಟ್ಟಳು. ಅದು ಅವಳ ಬೆರಳಿನ ಮೇಲೇರಿ ಕುಳಿತಿತು. ಆಮೇಲೆ ಎಷ್ಟೋ ಶಾಲೆಗಳನ್ನು ಕಂಡೆ. ಲೆಕ್ಕ ಎಂಬ ಮಾತು ಕೇಳಿದರೆ ಇಂದಿಗೂ ನನಗೆ ಮೊದಲು ಕಾಣುವುದು ಆ ಮಧ್ಯಾಹ್ನ, ಆ ನೆಲ.

ಅಫಜಲಪುರದ ಕಡೆ ನನಗಾದ ಪೇಚು ಬೇರೆ ತರಹದ್ದು. ಗೊಬ್ಬೂರಿನ ಹತ್ತಿರದ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳಿಗೆ ಮಣಿ ಎಣಿಸಲು ಹೇಳಿದೆ. ಅವಳು ಮೊದಲ ಮಣಿಯನ್ನು ಸರಿಸಿ, “ಲಾಭ” ಎಂದಳು. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹತ್ತಕ್ಕೆ ಸರಿಯಾಗಿ ಹತ್ತು ಬಂತು.

“ಲಾಭ ಎಂದರೇನು? ಒಂದು ಅನ್ನಬೇಕು,” ಎಂದೆ.

“ಒಂದು ಅನ್ನಂಗಿಲ್ರಿ ಅಕ್ಕೋರ. ರಾಶಿ ಅಳಿಯಾಗ ನಮ್ಮಪ್ಪ ಪಹಿಲೇದಕ್ಕ ಲಾಭ ಅಂತಾನ್ರಿ.”

ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಯನ್ನು ಲಾಭವೆಂದು ಕರೆದು ಎಣಿಕೆ ಆರಂಭಿಸುವುದು ಈ ಸೀಮೆಯ ರೂಢಿ. ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಹೊಸದಾಗಿ ಪದವಿ ಪಡೆದು ಬಂದವಳ ಬಿಗುವು ನನ್ನಲ್ಲಿತ್ತು. ಶಾಲೆಯಲ್ಲಿ ಒಂದಕ್ಕೆ ಒಂದೇ ಅನ್ನಬೇಕೆಂದು ಹೇಳಿ ಮುಂದಿನ ಊರಿಗೆ ಹೋದೆ. ಮರಳಿ ಬಂದಾಗ ಇಡೀ ತರಗತಿಯ ಲೆಕ್ಕ ಒಂದು ಕಡಿಮೆ ಬರುತ್ತಿತ್ತು. ಹತ್ತು ಮಣಿ ಎಣಿಸಿದರೆ ಒಂಬತ್ತು. ಐದು ಎಣಿಸಿದರೆ ನಾಲ್ಕು. ಹತ್ತಿರ ಕುಳಿತು ಕಿವಿಗೊಟ್ಟೆ. ಮಕ್ಕಳು ಅಪ್ಪನಿಗೂ ಮಾನ ಕೊಟ್ಟು, ನನಗೂ ಮಾನ ಕೊಟ್ಟು ಎಣಿಸುತ್ತಿದ್ದರು: “ಲಾಭ, ಒಂದು, ಎರಡು, ಮೂರು...”

ಅಲ್ಲಿನ ಉಪಾಧ್ಯಾಯಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ನೀವು ಹೋದ ಮ್ಯಾಲ ಊರಾಗ ಎಲ್ಲಾರದ್ದೂ ಒಂದೊಂದು ಕಮ್ಮಿ ಆಗ್ಯಾದ್ರಿ. ಮನ್ನೆ ಒಬ್ಬಾಕಿ ಮನ್ಯಾಗಿನ ಮಂದಿ ಎಣಿಸಿ ರೊಟ್ಟಿ ಬಡದಾಳ, ಕಡೀಗೆ ಅವರವ್ವನಽ ಉಪಾಸ.”

ಮೊದಲ ಮಣಿಗೆ ಕೆಂಪು ದಾರ ಸುತ್ತಿ, ಇದರ ಹೆಸರು ಕಣದಲ್ಲಿ ಲಾಭ, ಶಾಲೆಯಲ್ಲಿ ಒಂದು, ಮಣಿ ಮಾತ್ರ ಇದೇ ಎಂದು ತೋರಿಸಿದ ಮೇಲೆ ಲೆಕ್ಕ ನೆಟ್ಟಗಾಯಿತು. ಹೊಸಬರಿಗೆ ನಾನು ಹೇಳುವುದಿಷ್ಟು: ಮಗು ಶಾಲೆಗೆ ಬರುವ ಮೊದಲೇ ಎಣಿಸಲು ಕಲಿತಿರುತ್ತದೆ. ಯಾರ ಬಳಿ, ಯಾವ ಕೆಲಸದ ನಡುವೆ ಕಲಿತಿದೆಯೆಂದು ವಿಚಾರಿಸಿದ ಮೇಲೆಯೇ ಬಾಯಿ ತೆರೆಯಿರಿ. ತರಬೇತಿಯ ಪುಸ್ತಕದಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ.

ಮೇಲ್ವಿಚಾರಕರ ವಿಷಯವನ್ನೂ ಇಲ್ಲೇ ಹೇಳಬೇಕು. ಅವರು ಕೆಟ್ಟ ಮನುಷ್ಯರೆಂದು ಯಾರೂ ಹೇಳುತ್ತಿರಲಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಬರುತ್ತಿದ್ದರು, ಇಳಿದ ಕೂಡಲೇ ಚಹಾ ಕೇಳುತ್ತಿದ್ದರು, ಮಕ್ಕಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು. ಏನು ಕೇಳಿದರೂ “ಮಾಡ್ರಿ, ಮಾಡ್ರಿ” ಎನ್ನುವುದು ಅವರ ರೂಢಿ. ಬರೆದು ಕೊಡಿರೆಂದರೆ ಮಾತ್ರ “ನನ್ನ ಜಬಾನ್ ಮ್ಯಾಲ ಭರೋಸಾ ಇಲ್ಲೇನು?” ಎಂದು ನಗುತ್ತಿದ್ದರು. ಆ ನಗೆಯನ್ನು ನಾವೆಲ್ಲ ಔದಾರ್ಯವೆಂದು ತಿಳಿದಿದ್ದೆವು.

ಶರಣಮ್ಮನವರನ್ನು ನಾನು ಮೊದಲು ಕಂಡದ್ದು ಅವರು ಜೇವರ್ಗಿ ಕಡೆಯ ತಮ್ಮ ಶಾಲೆಯ ಬಾಗಿಲಲ್ಲಿ ನಿಂತು, ಮಗಳನ್ನು ಕರೆದೊಯ್ಯಲು ಬಂದ ಹೆಂಗಸಿನೊಡನೆ ಜಗಳವಾಡುತ್ತಿದ್ದಾಗ. “ಕಳೇ ತಗ್ಯಾಕ ಒಯ್ತೀ? ಒಯ್ಯಿ. ಕೂಲಿ ಅಳದು ಕೊಡಾಗ ಹೊಲದಾಂವ ಎಷ್ಟ ಕೊಟ್ಟ ಅಂತ ನಿನಗ ತಿಳೀತದೇನ ಬೇ? ನಿನ್ನ ಮಗಳಿಗೆ ತಿಳೀತದ, ನಾ ಕಲಿಸಿದ್ರ.” ಹೆಂಗಸು ಮಗಳನ್ನು ಬಿಟ್ಟುಹೋದಳು. ಶರಣಮ್ಮ ನನ್ನ ಕಡೆ ತಿರುಗಿ, “ಬರ್ರಿ ಅಕ್ಕೋರ. ನೀವು ಲೆಕ್ಕದವರು ಹೌದಲ್ರಿ? ನಮ್ಮ ಹುಡುಗ್ಯಾರಿಗೆ ಲೆಕ್ಕ ಬರ್ತದ, ನಿಮ್ಮ ಚೌಕಟ್ಟಿಗೆ ಬರವಲ್ದು,” ಎಂದರು. ಏಳನೆಯ ಇಯತ್ತೆಯವರೆಗೆ ಓದಿದವರು, ನನಗಿಂತ ತುಸು ಕಿರಿಯರು. ಮಾತು ಮೊನಚು, ಅಕ್ಷರ ಕೋಳಿ ಕೆದರಿದಂತೆ. ಭಿನ್ನರಾಶಿ ಎಂದರೆ ಅವರಿಗೇ ಅಳುಕು. ಆ ಪಾಠ ಬಂದಾಗಲೆಲ್ಲ ಅವರಿಗೆ ತಲೆ ನೋಯುತ್ತಿತ್ತು. ಆದರೆ ಆ ಊರಿನ ತಾಯಂದಿರು ಮಕ್ಕಳನ್ನು ಕಳುಹಿಸುತ್ತಿದ್ದದ್ದು ಅವರ ಮುಖ ನೋಡಿ.

ಚೌಕಟ್ಟಿಗೆ ಏನು ಬಾರದು ಎಂಬುದು ತರಗತಿಯಲ್ಲಿ ಕಂಡಿತು. ಮಕ್ಕಳು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆರೆಗಳನ್ನು ಮುಟ್ಟಿ ಎಣಿಸುತ್ತಿದ್ದರು. ಮೂರು ಗೆರೆ, ಒಂದು ತುದಿ, ಬೆರಳಿಗೆ ನಾಲ್ಕು. ನಾಲ್ಕು ಬೆರಳು ಮುಗಿದರೆ ಹದಿನಾರು. ಹದಿನಾರು ಛಟಾಕಿಗೆ ಒಂದು ಸೇರು. ಅಂಗಡಿಯ ತೂಕ ಅವರ ಅಂಗೈಯಲ್ಲಿಯೇ ಇತ್ತು. ಚೌಕಟ್ಟಿನ ತಂತಿ ಹತ್ತಕ್ಕೆ ನಿಂತುಬಿಡುತ್ತಿತ್ತು. ಸೇರು ಛಟಾಕಿನ ಲೆಕ್ಕ ಬಂದರೆ ಮಕ್ಕಳು ಅರ್ಧ ಮಣಿಯಲ್ಲಿ, ಅರ್ಧ ಬೆರಳಿನಲ್ಲಿ ಎಣಿಸಿ ನಡುವೆ ದಾರಿ ತಪ್ಪುತ್ತಿದ್ದರು.

ನಾವಿಬ್ಬರೂ ಕೂಡಿ ವಿಚಾರ ಮಾಡಿದೆವು. ಕೆಳಗಿನ ಒಂದೇ ಒಂದು ತಂತಿಗೆ ಇನ್ನಾರು ಮಣಿ ಸೇರಿಸಿದರೆ ಅದು ಛಟಾಕಿನ ತಂತಿಯಾಗುತ್ತದೆ. ಅದು ತುಂಬಿದಾಗ ಮೇಲಿನ ತಂತಿಯಲ್ಲಿ ಒಂದು ಸೇರು ಸರಿಯುತ್ತದೆ. ಹೊಸ ಮಣಿಗೆ ಎಲ್ಲಿ ಹೋಗುವುದು? ಹುಡುಗಿಯರು ಆಡುವ ಗಜ್ಜುಗದ ಕಾಯಿಗಳಿದ್ದವು, ಬೂದು ಬಣ್ಣದವು, ಹೊಳೆಯುವಂಥವು. ಬಡಗಿ ಲಾಲಸಾಬ ಅವನ್ನು ಕೊರೆದು ಕೊಡಲು ಒಪ್ಪಿದರು. ಆದರೆ ಅದು ಸರಕಾರದ ವಸ್ತು. ಅಂದು ಮೇಲ್ವಿಚಾರಕ ಸಾಹೇಬರ ತಪಾಸಣೆಯಿತ್ತು. ಅಂಗಳದ ಬೇವಿನ ಕೆಳಗೆ ಅವರು ಚಹಾ ಕುಡಿಯುತ್ತಿದ್ದರು. ಲಾಲಸಾಬ ಬೈರಿಗೆ ಹಿಡಿದು ಅಲ್ಲೇ ನಿಂತಿದ್ದರು. ಶರಣಮ್ಮ ನೇರವಾಗಿ ಕೇಳಿದರು.

“ಸಾಹೇಬರ, ಈ ತಂತಿಗೆ ಆರು ಗಜಗ ಪೋಣಸ್ತೇನ್ರಿ. ಹ್ಞೂಂ ಅಂತೀರೇನ್ರಿ?”

“ಮಾಡ್ರಿ, ಮಾಡ್ರಿ. ಮಣಿ ಹೆಚ್ಚಾದರ ಸರಕಾರಕ್ಕೇನು ಹೊಟ್ಟಿ ನೋಯ್ತದೇನು? ಕಮ್ಮಿ ಮಾತ್ರ ಮಾಡಬ್ಯಾಡ್ರಿ.”

“ಒಂದ್ ಚೀಟ್ಯಾಗ ಬರಕೊಟ್ರ ಛಲೋ ಆಗ್ತದ್ರಿ,” ಎಂದೆ ನಾನು, ಅವರ ಭಾಷೆಯಲ್ಲಿಯೇ.

“ಬಾಯಿ, ನನ್ನ ಜಬಾನ್ ಮ್ಯಾಲ ಭರೋಸಾ ಇಲ್ಲೇನು?”

ಲಾಲಸಾಬ ಸಾಹೇಬರೆದುರಿಗೇ ಪಕ್ಕದ ಪಟ್ಟಿಯನ್ನು ಬಿಚ್ಚಿ ಕೆಲಸಕ್ಕೆ ಕೂತರು. ಸಾಹೇಬರು ಒಂದು ಗಜ್ಜುಗವನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು, “ಅಚ್ಛಾ ಅದ,” ಎಂದರು.

ಅನಂತರದ ತಿಂಗಳುಗಳನ್ನು ನಾನು ಕನಸಿನಲ್ಲೆಂಬಂತೆ ನೆನೆಯುತ್ತೇನೆ. ಮಧ್ಯಾಹ್ನದ ಜೊಂಪು ಊರಿನ ಮೇಲೆ ಇಳಿದಿರುತ್ತಿತ್ತು. ರಸ್ತೆಯಲ್ಲಿ ಗಾಡಿಯ ಗಾಲಿ ಯಾವುದೋ ದೂರದ ನಿದ್ದೆಯೊಳಗೆ ಉರುಳುತ್ತಿತ್ತು. ತರಗತಿಯಲ್ಲಿ ಮಾತಿಲ್ಲ, ಮಣಿಗಳ ಟಕಟಕ ಮಾತ್ರ, ಹೆಂಚಿನ ಮೇಲೆ ಮೊದಲ ಮಳೆಹನಿ ಬಿದ್ದಂತೆ. ಬೂದು ಗಜ್ಜುಗಗಳು ಕಂದು ಮಣಿಗಳ ಹಿಂದೆ ಒಂದೊಂದಾಗಿ ಹೋಗಿ ನಿಲ್ಲುತ್ತಿದ್ದವು, ಸಂಜೆ ಭೀಮೆಯ ದಡದಲ್ಲಿ ಹಕ್ಕಿಗಳು ಬಂದು ಕೂರುವ ಹಾಗೆ. ಹದಿನಾರನೆಯದು ತಾಗಿದ ಸದ್ದಿಗೆ ಮಕ್ಕಳು ಒಟ್ಟಿಗೆ ಉಸಿರು ಬಿಡುತ್ತಿದ್ದರು. ಕೆಲವರಿಗೆ ಬರಬರುತ್ತ ಚೌಕಟ್ಟೇ ಬೇಡವಾಯಿತು. ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿ, ಕಾಣದ ಮಣಿಗಳನ್ನು ಸರಿಸಿ ಉತ್ತರ ಹೇಳುತ್ತಿದ್ದರು. ಮಣಿಚೌಕಟ್ಟು ಕಲಿಸಬೇಕಾದದ್ದೂ ಅದನ್ನೇ. ಕೆಲಸ ಮುಗಿದ ಮೇಲೆ ಅದು ಮಗುವಿನ ಒಳಗೆ ಹೋಗಿ ಸೇರಿಕೊಳ್ಳುತ್ತದೆ. ಬಾಯಿಪಾಠದ ಮಗ್ಗಿಯನ್ನು ನಾನು ಹಳಿಯುವುದಿಲ್ಲ. ಕಾಲು ಮುಕ್ಕಾಲಿನ ಮಗ್ಗಿ ಬಲ್ಲ ಮುದುಕರು ನನ್ನನ್ನು ಎಷ್ಟೋ ಸಲ ಸೋಲಿಸಿದ್ದಾರೆ. ಆದರೆ ಮಗ್ಗಿ ಹೇಳುವ ಮಗುವಿನ ಮುಖವನ್ನೂ, ಮಣಿ ಸರಿಸುವ ಮಗುವಿನ ಮುಖವನ್ನೂ ಪಕ್ಕಪಕ್ಕದಲ್ಲಿ ನೋಡಿದವಳು ನಾನು. ಮೊದಲನೆಯದು ನೆನೆಯುತ್ತಿರುತ್ತದೆ, ಎರಡನೆಯದು ನೋಡುತ್ತಿರುತ್ತದೆ.

ಆಗ ಹೈದರಾಬಾದಿನಿಂದ ಹಿರಿಯ ಅಧಿಕಾರಿಯೊಬ್ಬರು ನಮ್ಮ ಮೇಲ್ವಿಚಾರಕರೊಡನೆ ತಪಾಸಣೆಗೆ ಬಂದರು. ಅಂದು ನಾನೂ ಆ ಶಾಲೆಯಲ್ಲಿದ್ದೆ. ಮಕ್ಕಳು ಅವರೆದುರು ಎಣಿಸಿದರು, ಒಂದೂ ತಪ್ಪಲಿಲ್ಲ. ಅವರು ಮಕ್ಕಳನ್ನು ಬಿಟ್ಟು ಕೆಳಗಿನ ತಂತಿಯನ್ನು ನೋಡಿದರು. ಸರಕಾರ ಕಳುಹಿಸಿದ ಚೌಕಟ್ಟಿನಲ್ಲಿ ತಂತಿಗೆ ಹತ್ತು ಮಣಿ ಇರಬೇಕು, ಇದನ್ನು ಕೆಡಿಸಿದವರು ಯಾರು, ಯಾರ ಅಪ್ಪಣೆಯ ಮೇಲೆ ಎಂದು ಕೇಳಿದರು. ನಮ್ಮ ಮೇಲ್ವಿಚಾರಕರು ಕಿಟಕಿಯಿಂದ ಹೊರಗಿನ ಬೇವನ್ನು ನೋಡಿದರು.

“ನನಗ ಮಾಲೂಮ್ ಇಲ್ರಿ,” ಎಂದರು.

“ನೀವಽ ಮಾಡ್ರಿ ಅಂದ್ರಲ್ರಿ ಸಾಹೇಬರ,” ಎಂದರು ಶರಣಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವವರ ದನಿ ಅದು. “ಗಜಗ ಕೈಯಾಗ ಹಿಡದು ಅಚ್ಛಾ ಅದ ಅಂದ್ರಿ.”

“ಈ ಬಾಯಿ ಸುಳ್ಳ ಹೇಳ್ತಾಳ್ರಿ. ಮಕ್ಕಳ ಮುಂದ ನಿಂತು ಸುಳ್ಳ ಹೇಳಾಕತ್ತಾಳ.”

ತರಗತಿಯಲ್ಲಿದ್ದ ಮಕ್ಕಳೆಲ್ಲ ಇದನ್ನು ಕೇಳಿದರು. ನಾನು ಎದ್ದು, ನನ್ನ ಎದುರಿನಲ್ಲಿಯೇ ಅಪ್ಪಣೆ ಕೊಟ್ಟರೆಂದು ಹೇಳಿದೆ. ಅಧಿಕಾರಿಗಳು ಬರಹದ ಅಪ್ಪಣೆ ತೋರಿಸಿರೆಂದರು. ಸುದ್ದಿ ತಿಳಿದ ಲಾಲಸಾಬ ಕೈಯಲ್ಲಿನ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತು, “ಹಮಾರೆ ಸಾಮನೇಚ್ ಬೋಲೆ ಸಾಬ್, ನಮ್ಮ ಮುಂದಽ ಹೇಳ್ಯಾರ್ರಿ,” ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಬಡಗಿಯ ಸಾಕ್ಷಿ ಇಲ್ಲಿ ಬೇಕಾಗಿಲ್ಲ ಎಂದು ಅವರನ್ನು ಕಳುಹಿಸಿಬಿಟ್ಟರು. ವಾರ ತುಂಬುವುದರೊಳಗೆ ಆಜ್ಞೆ ಬಂತು: ಸರಕಾರದ ವಸ್ತುವನ್ನು ಕೆಡಿಸಿ, ಮೇಲಧಿಕಾರಿಯ ಮೇಲೆ ಸುಳ್ಳು ಹೊರಿಸಿದ ಕಾರಣ ವಜಾ. ಚೌಕಟ್ಟನ್ನು ಜಪ್ತಿ ಮಾಡಿ ಒಯ್ದರು. ನನಗೆ ಒಂದು ಎಚ್ಚರಿಕೆ, ಅಷ್ಟೇ. ಪದವಿ ಇದ್ದವಳನ್ನು ಮುಟ್ಟುವುದು ಕಷ್ಟ. ಏಳನೆಯ ಇಯತ್ತೆಯವರನ್ನು ತೆಗೆಯಲು ಒಂದು ಹಾಳೆ ಸಾಕು. ಇದೇ ಲೆಕ್ಕದ ಮೇಲೆ ಆ ಆಜ್ಞೆ ನಿಂತಿತ್ತು.

ಶರಣಮ್ಮ ಅಣ್ಣನ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು, ನಾನು ಹೋದಾಗ. ಬೇರೆ ತಾಲೂಕಿನಲ್ಲಿ ಏನಾದರೂ ಕೆಲಸ ನೋಡೋಣವೆಂದೆ.

“ಕೆಲಸ ಹೋದದ್ದಕ್ಕ ಅಳಂಗಿಲ್ರಿ ಅಕ್ಕೋರ. ರೊಟ್ಟಿ ಎಲ್ಲ್ಯಾರೆ ಹುಟ್ಟತಾದ. ಆದ್ರ ಹುಡುಗ್ಯಾರ ಮುಂದ ಸುಳ್ಳಿ ಅಂದ್ರಲ್ಲ. ನಿನ್ನೆ ಬಾವ್ಯಾಗ ನೀರ ಸೇದಾಗ ಒಂದ್ ಸಣ್ಣದು ಬಂದು ಕೇಳ್ತದ, ‘ಅಕ್ಕೋರ, ನೀವು ಕಲಿಸಿದ ಲೆಕ್ಕಾನೂ ಸುಳ್ಳೇನ್ರಿ?’ ಅಂತ. ಏನ್ ಹೇಳ್ಲಿ ಹೇಳ್ರಿ?”

“ನೀವೇನೆಂದಿರಿ?”

“ಎಣಿಸಿ ನೋಡ ಬೇ, ಅಂದೆ. ಕೊಡ ತಗೊಂಡು ಹೋತು. ಎಣಿಸ್ತೋ ಇಲ್ಲೋ ಯಾರಿಗ್ಗೊತ್ತು.” ಮೊರವನ್ನು ಕೊಡವಿ, “ಬ್ಯಾರೆ ಊರಾಗ ಕೆಲಸ ಬ್ಯಾಡ್ರಿ. ಬಂದ್ರ ಅದೇ ಸಾಲಿಗೆ ಬರ್ತೇನಿ. ಸುಳ್ಳಿ ಅನ್ನೋದು ಅಲ್ಲೇ ಅಂದಾರ, ಅಲ್ಲೇ ತಗೀಲಿ,” ಎಂದರು.

ಅವರ ಬದಲಿಗೆ ಬಂದವರು ಊರಿನ ಮನೆಗಳಿಗೆ ಹೋಗಿ ಮಕ್ಕಳನ್ನು ಕರೆಯುವವರಲ್ಲ. ತಾಯಂದಿರು ಒಬ್ಬೊಬ್ಬರಾಗಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಮರಳಿ ಕರೆದುಕೊಂಡರು. ನನ್ನ ಕಣ್ಣು ಮಂಜಾಗುತ್ತ ಬಂದ ಕಾಲವೂ ಅದೇ. ಕೊನೆಯ ಸಲ ಆ ಶಾಲೆಗೆ ಹೋದಾಗ ತರಗತಿ ಅರ್ಧ ಖಾಲಿಯಾಗಿತ್ತೋ, ನನಗೆ ಅರ್ಧ ಮಾತ್ರ ಕಾಣಿಸಿತೋ ಎಂದು ಅನುಮಾನಪಟ್ಟು, ಹೆಸರು ಕೂಗಿಸಿದೆ. ಕಣ್ಣಿನ ತಪ್ಪಾಗಿರಲಿಲ್ಲ.

ಹೊಸಬರೇ, ಬಾಯಿಮಾತಿನ ಅಪ್ಪಣೆಯನ್ನು ನಂಬಬೇಡಿ ಎಂದು ನಿಮಗೆ ಉಪದೇಶಿಸಲು ನನಗೆ ಮನಸ್ಸಿಲ್ಲ. ಮಾತನ್ನು ನಂಬಿದವರು ಪಾಠ ಕಲಿಯಬೇಕಾದವರಲ್ಲ, ಮಾತು ಕೊಟ್ಟವರು ಕಲಿಯಬೇಕು. ಅದಕ್ಕಾಗಿ ಈ ಬರಹವನ್ನು ನಿಮ್ಮ ಕೈಗೆ ಕೊಟ್ಟು, ಇನ್ನು ಮುಂದಿನ ಮಾತನ್ನು ಶಿಕ್ಷಣ ಇಲಾಖೆಯ ಈಗಿನ ಅಧಿಕಾರಿಗಳಿಗೆ ಹೇಳುತ್ತೇನೆ.

ಮಾನ್ಯರೇ, ಹೈದರಾಬಾದಿನ ಹಳೆಯ ಸರಕಾರ ಹೋಗಿ ಆಡಳಿತ ಬದಲಾಗಿದೆ. ಹಳೆಯವರ ಕಾಲದಲ್ಲಾದದ್ದು ಎಂದು ನೀವು ಕೈ ತೊಳೆದುಕೊಳ್ಳಬಹುದು. ಆದರೆ ಆ ಆಜ್ಞೆ ಇಂದಿಗೂ ಜಾರಿಯಲ್ಲಿದೆ, ಅದನ್ನು ನಡೆಸುತ್ತಿರುವವರು ನೀವು. ಅಂದು ಬೇವಿನ ಕೆಳಗೆ ಅಪ್ಪಣೆ ಕೊಟ್ಟದ್ದು ನಿಜವೋ ಅಲ್ಲವೋ ಎಂಬುದನ್ನು ನನ್ನನ್ನೂ, ಬಡಗಿ ಲಾಲಸಾಬರನ್ನೂ, ನಿವೃತ್ತರಾಗಿ ಆರಾಮವಾಗಿರುವ ಆ ಮೇಲ್ವಿಚಾರಕರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ವಿಚಾರಿಸಬೇಕೆಂದು ವಿನಂತಿಸುತ್ತೇನೆ. ವಿಚಾರಣೆಯ ಫಲವನ್ನು ಶರಣಮ್ಮನವರಿಗೆ ಅವರು ಓದಬಲ್ಲ ಕನ್ನಡದಲ್ಲಿ ಬರೆದು ತಿಳಿಸಬೇಕು. ಅವರನ್ನು ಅದೇ ಶಾಲೆಗೆ ಮರಳಿ ಕರೆಯಬೇಕು. ಅವರು ಹೇಳಿದ್ದು ಸತ್ಯವೆಂಬ ಮಾತನ್ನು, ಸುಳ್ಳಿ ಎಂಬ ಮಾತು ಕೇಳಿದ ಅದೇ ಮಕ್ಕಳೆದುರು, ನಿಮ್ಮಲ್ಲೊಬ್ಬರು ನಿಂತು ಗಟ್ಟಿಯಾಗಿ ಓದಬೇಕು.

ಆ ಹುಡುಗಿಯರಲ್ಲಿ ಕೆಲವರಿಗೆ ಈಗಾಗಲೇ ಗಂಡು ನೋಡುತ್ತಿದ್ದಾರೆ. ಮದುವೆಯಾಗಿ ಒಬ್ಬೊಬ್ಬರು ಒಂದೊಂದು ಊರಿಗೆ ಹೋದ ಮೇಲೆ ಅವರನ್ನೆಲ್ಲ ಮತ್ತೆ ಒಂದು ಕೋಣೆಯಲ್ಲಿ ಕೂಡಿಸುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಆದ್ದರಿಂದ ಉತ್ತರ ಅದಕ್ಕೂ ಮೊದಲು ಬರಬೇಕೆಂದು ಕೋರುತ್ತೇನೆ.